112 ಕಿಲೋ ಸವಾರನಿಗೆ ಎಷ್ಟು ಸಿಸಿಯ ಡರ್ಟ್ ಬೈಕು?

ಪ್ರಶ್ನೆ: ನನಗೆ 38 ವರ್ಷ. ಎತ್ತರ 5 ಅಡಿ 10 ಇಂಚು, ತೂಕ 112 ಕೆಜಿ. ಸಕಲೇಶಪುರದ ಹತ್ತಿರ ಕಾಫಿ ತೋಟ ಇದೆ. ಕಾಲೇಜಿನಲ್ಲಿದ್ದಾಗ ಆರ್‌ಎಕ್ಸ್ 135 ಓಡಿಸುತ್ತಿದ್ದೆ, ಈಗ ಇರುವುದು ಬುಲೆಟ್ 350. ನಮ್ಮ ಗೆಳೆಯರ ಗುಂಪು ಭಾನುವಾರ ತೋಟದ ಜೀಪು ದಾರಿಗಳಲ್ಲಿ ಡರ್ಟ್ ರೈಡಿಂಗ್ ಶುರು ಮಾಡಿದೆ. ಒಬ್ಬರ ಹೀರೋ ಎಕ್ಸ್‌ಪಲ್ಸ್ 200 ಓಡಿಸಿ ನೋಡಿದೆ. ಏರಿನಲ್ಲಿ ಎಂಜಿನ್ ಎಳೆಯಲೇ ಇಲ್ಲ. ಗುಂಡಿ ಸಿಕ್ಕಾಗಲೆಲ್ಲ ಹಿಂದುಗಡೆ ಧಡ್ ಅಂತ ಕುಟ್ಟಿ ಸೊಂಟ ಹಿಡಿದುಕೊಂಡಿತು. "ನಿನ್ನ ಸೈಜಿಗೆ 450 ಬೇಕೇ ಬೇಕು" ಅಂತ ಎಲ್ಲರೂ ತಮಾಷೆ ಮಾಡುತ್ತಾರೆ. ಬಜೆಟ್ ಮೂರು, ಮೂರೂವರೆ ಲಕ್ಷ. ಎಡ ಮೊಣಕಾಲು ಆಗಾಗ ನೋಯುತ್ತದೆ. 62 ಕೆಜಿಯ ನನ್ನ ತಮ್ಮನೂ ಅದೇ ಬೈಕು ಓಡಿಸುತ್ತೇನೆ ಅನ್ನುತ್ತಿದ್ದಾನೆ. ಎಷ್ಟು ಸಿಸಿ ತಗೊಳ್ಳಲಿ? ಅಥವಾ ಮೊದಲು ತೂಕ ಇಳಿಸಿಕೊಂಡು ಆಮೇಲೆ ಯೋಚನೆ ಮಾಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಏರಿನಲ್ಲಿ ಎಳೆಯಲಿಲ್ಲ ಅನ್ನುವುದು ಒಂದು, ಗುಂಡಿಯಲ್ಲಿ ಕುಟ್ಟಿತು ಅನ್ನುವುದು ಇನ್ನೊಂದು. ನಿಮ್ಮ ಗೆಳೆಯರು ಎರಡಕ್ಕೂ 450 ಅನ್ನುವ ಒಂದೇ ಮದ್ದು ಹೇಳುತ್ತಿದ್ದಾರೆ. ಮೊದಲನೆಯದಕ್ಕೂ ಎಂಜಿನ್ನಿಗೂ ಸಂಬಂಧ ಇದೆ, ಆದರೆ ನೀವಂದುಕೊಂಡಷ್ಟಿಲ್ಲ. ಎರಡನೆಯದಕ್ಕೂ ಎಂಜಿನ್ನಿಗೂ ಯಾವ ಸಂಬಂಧವೂ ಇಲ್ಲ. ಅದು ಸ್ಪ್ರಿಂಗಿನ ವಿಷಯ. ದಪ್ಪ ಮೈಯ ಸವಾರರು ಸಿಸಿ ಏರಿಸಲು ದುಡ್ಡು ಸುರಿದು, ಸ್ಪ್ರಿಂಗಿಗೆ ಕೈ ಹಾಕದೆ, ಆರು ತಿಂಗಳಲ್ಲಿ "ಡರ್ಟ್ ನಮಗಲ್ಲ" ಅಂತ ಬೈಕು ಮಾರಿಬಿಡುವುದನ್ನು ನಮ್ಮ ವರ್ಕ್‌ಶಾಪಿನಲ್ಲಿ ಬಹಳ ನೋಡಿದ್ದೇನೆ.

ಮೊದಲು ಈ 450ರ ಗೊಂದಲ ಬಿಡಿಸೋಣ. ಯಾವ 450? ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಎಂಜಿನ್ 452 ಸಿಸಿ, ಶಕ್ತಿ 40 ಪಿಎಸ್ (ಹೆಚ್ಚುಕಡಿಮೆ ಅಶ್ವಶಕ್ತಿ), ಬೈಕಿನ ತೂಕ 196 ಕೆಜಿ. ಕವಾಸಾಕಿ ಕೆಎಕ್ಸ್ 450ಯಂಥ ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನಲ್ಲಿ ಜಂಪ್ ಮಾಡುತ್ತಾ ಓಡಿಸುವ ರೇಸು) ಬೈಕೂ 450ಯೇ. ಆದರೆ ಅದು 110 ಕೆಜಿಯ ಆಸುಪಾಸಿನಲ್ಲಿದ್ದು 50 ಪಿಎಸ್‌ಗೂ ಮೇಲೆ ಕೊಡುತ್ತದೆ. ಅದರಲ್ಲಿ ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ನಮ್ಮ ದೇಶದಲ್ಲಿ ರಿಜಿಸ್ಟ್ರೇಷನ್ನೂ ಆಗುವುದಿಲ್ಲ. ತೋಟದ ಗೇಟು ದಾಟಿ ಪಂಚಾಯಿತಿ ರಸ್ತೆಗೆ ಇಳಿದರೆ ಕಾನೂನು ಮುರಿದ ಹಾಗೆ. ಸರ್ವಿಸನ್ನು ಕಿಲೋಮೀಟರಿನಲ್ಲಿ ಎಣಿಸುವುದಿಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿ ಎಣಿಸುತ್ತಾರೆ. ನಾಲ್ಕಾರು ಸಲ ಸವಾರಿ ಆಗುವಷ್ಟರಲ್ಲಿ ಆಯಿಲ್ ಬದಲಿಸಬೇಕು, ಪಿಸ್ಟನ್ನಿಗೂ ಗಂಟೆಯ ಲೆಕ್ಕದ ಆಯುಷ್ಯ.

ಸಿಸಿ ಅಂದರೆ ಶಕ್ತಿ ಅಲ್ಲ ಅನ್ನುವುದಕ್ಕೆ ಹಿಮಾಲಯನ್ನೇ ಸಾಕ್ಷಿ. ಹಳೆಯ 411 ಸಿಸಿಯದು 24.5 ಪಿಎಸ್, ಹೊಸ 452 ಸಿಸಿಯದು 40. ಹೆಚ್ಚಿದ್ದು 41 ಸಿಸಿ, ಆದರೆ ಶಕ್ತಿ ಒಂದೂವರೆ ಪಟ್ಟಿಗೂ ಮೇಲೇರಿತು. ಲಿಕ್ವಿಡ್ ಕೂಲಿಂಗ್, ನಾಲ್ಕು ವಾಲ್ವು, ಹೆಚ್ಚು ಆರ್‌ಪಿಎಂ, ಇವೆಲ್ಲ ಸೇರಿ ಮಾಡಿದ ಕೆಲಸ ಅದು.

"ತೂಕದವರಿಗೆ 450" ಅನ್ನುವ ಮಾತು ಹುಟ್ಟಿದ್ದು ಅಮೆರಿಕ, ಯೂರೋಪಿನ ಮೋಟೋಕ್ರಾಸ್ ಟ್ರ್ಯಾಕುಗಳಲ್ಲಿ. ಅಲ್ಲಿ ಅದರಲ್ಲಿ ಹುರುಳಿದೆ. 250 ಸಿಸಿ ಫೋರ್ ಸ್ಟ್ರೋಕ್ ಮೋಟೋಕ್ರಾಸ್ ಬೈಕಿನ ಶಕ್ತಿಯೆಲ್ಲ ಮೇಲಿನ ಆರ್‌ಪಿಎಂನಲ್ಲಿ ಇರುತ್ತದೆ. ತಿರುವಿನಿಂದ ಹೊರಬಂದ ಕೂಡಲೇ ಮುಂದಿನ ಜಂಪಿಗೆ ವೇಗ ಹಿಡಿಯಲು 100 ಕಿಲೋ ಮೀರಿದವರು ಒಂದೇ ಸಮನೆ ಗೇರು, ಕ್ಲಚ್ಚು ಆಡಿಸುತ್ತಿರಬೇಕು. 450 ಕೆಳಗಿನಿಂದಲೇ ಎಳೆಯುತ್ತದೆ. ಆದರೆ ನಿಮ್ಮ ತೋಟದಲ್ಲಿ ಯಾರು ಜಂಪ್ ಮಾಡುತ್ತಾರೆ? ನಿಮ್ಮದು ಮೊದಲನೇ, ಎರಡನೇ ಗೇರಿನ ಪ್ರಪಂಚ. ಮಳೆಗಾಲದ ಜೇಡಿ, ಸಿಲ್ವರ್ ಓಕ್ ಬೇರು, ಜೀಪಿನ ಗಾಲಿ ಕೊರೆದ ಎರಡು ಸಾಲು, ನಡುವೆ ಎದ್ದ ದಿಬ್ಬ. ಇಲ್ಲಿ ಮೋಟೋಕ್ರಾಸ್ 450ಯ ಆಕ್ಸಿಲರೇಟರ್ ಒಂದು ಎಳೆ ಹೆಚ್ಚು ತಿರುಗಿದರೆ ಹಿಂದಿನ ಗಾಲಿ ಪಕ್ಕಕ್ಕೆ ಹೋಗುತ್ತದೆ, ನೀವು ಕಾಫಿ ಗಿಡದ ಮೇಲಿರುತ್ತೀರಿ.

ಈಗ ನಿಮ್ಮ ತೂಕದ ಲೆಕ್ಕ. ಹೆಲ್ಮೆಟ್, ಬೂಟು, ಎದೆ ಕವಚ, ಮೊಣಕಾಲು ಗಾರ್ಡು, ಬೆನ್ನಿಗೆ ನೀರಿನ ಚೀಲ ಎಲ್ಲ ಸೇರಿ ಎಂಟು ಕಿಲೋ ಅಂತೂ ಆಗುತ್ತದೆ. ಹಾಗಾಗಿ ನಿಮ್ಮನ್ನು 120 ಅನ್ನೋಣ. ಎಕ್ಸ್‌ಪಲ್ಸ್ 200 4ವಿಯ ತೂಕ ಸುಮಾರು 159 ಕೆಜಿ, ಶಕ್ತಿ 19 ಪಿಎಸ್. ನಿಮ್ಮನ್ನು ಹೊತ್ತಾಗ ಪ್ರತಿ 100 ಕಿಲೋಗೆ 6.8 ಪಿಎಸ್ ಸಿಗುತ್ತದೆ. ಹೆಲ್ಮೆಟ್, ಬೂಟು ಸಮೇತ 78 ಕಿಲೋ ತೂಗುವ ಗೆಳೆಯನಿಗೆ 8. ಅಂದರೆ ಅದೇ ಏರಿನಲ್ಲಿ ಅದೇ ಬೈಕು ನಿಮಗೆ ಹೆಚ್ಚುಕಡಿಮೆ ಆರನೇ ಒಂದು ಭಾಗ ಸೊರಗಿದಂತೆ ಅನ್ನಿಸುತ್ತದೆ. ನಿಮ್ಮ ಅನುಭವ ಸುಳ್ಳಲ್ಲ. ಆದರೆ ಈ ಕೊರತೆ ತುಂಬಲು 450ಕ್ಕೆ ಹಾರಬೇಕಿಲ್ಲ. ಎಕ್ಸ್‌ಪಲ್ಸ್ 210ರಲ್ಲಿ 24.6 ಪಿಎಸ್, 168 ಕೆಜಿ. ನೀವು ಕೂತ ಮೇಲೂ 100 ಕಿಲೋಗೆ 8.5 ಬರುತ್ತದೆ. 200ರ ಮೇಲೆ ನಿಮ್ಮ ಸಣಕಲು ಗೆಳೆಯ ಅನುಭವಿಸುವುದಕ್ಕಿಂತ ಒಂದು ಕೈ ಮೇಲೆಯೇ. ಹಿಮಾಲಯನ್ 450ರಲ್ಲಿ ಇದೇ ಲೆಕ್ಕ 12.7 ಆಗುತ್ತದೆ. ಅಷ್ಟನ್ನು ಮಣ್ಣಿನ ಏರಿನಲ್ಲಿ ನೆಲಕ್ಕೆ ಇಳಿಸುವುದೇ ಒಂದು ವಿದ್ಯೆ.

ದುಡ್ಡು ಖರ್ಚು ಮಾಡುವ ಮೊದಲೇ ಆಗುವ ಒಂದು ಸುಲಭದ ಕೆಲಸವಿದೆ. ಮುಂದಿನ ಚೈನ್ ಸ್ಪ್ರಾಕೆಟ್ಟಿನಲ್ಲಿ 13 ಹಲ್ಲಿದ್ದರೆ 12ರದ್ದು ಹಾಕಿ. ಹಿಂದಿನ ಗಾಲಿಗೆ ಹೋಗುವ ಎಳೆತ ಶೇಕಡ 8ರಷ್ಟು ಹೆಚ್ಚುತ್ತದೆ, ಟಾಪ್ ಸ್ಪೀಡು ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ತೋಟದಲ್ಲಿ ಟಾಪ್ ಸ್ಪೀಡು ಕಟ್ಟಿಕೊಂಡು ಏನು ಮಾಡುತ್ತೀರಿ? ಮುಂದೆ ಒಂದು ಹಲ್ಲು ಕಡಿಮೆ ಮಾಡುವುದು ಹಿಂದೆ ಮೂರು ಹಲ್ಲು ಹೆಚ್ಚಿಸಿದ್ದಕ್ಕೆ ಸಮ. ಇದರ ದೊಡ್ಡ ಲಾಭ ಕ್ಲಚ್ಚಿಗೆ. ಭಾರದ ಸವಾರರು ಏರಿನಲ್ಲಿ ಎಂಜಿನ್ ಆಫ್ ಆಗದಿರಲಿ ಅಂತ ಅರ್ಧ ಕ್ಲಚ್ಚಿನಲ್ಲೇ ಎಳೆಸುತ್ತಾರೆ, ಸುಟ್ಟ ವಾಸನೆ ಬರುವವರೆಗೂ ಗೊತ್ತಾಗುವುದಿಲ್ಲ. ಗೇರು ಗಿಡ್ಡವಾದರೆ ಕ್ಲಚ್ ಪೂರ್ತಿ ಬಿಟ್ಟು ಹತ್ತಬಹುದು.

ಇನ್ನು ಆ ಧಡ್ ಶಬ್ದ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿ.

ಕಂಪನಿಯವರು ಬೈಕಿನ ಸ್ಪ್ರಿಂಗನ್ನು ಸಾಮಾನ್ಯವಾಗಿ 70-80 ಕಿಲೋ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸುತ್ತಾರೆ. ನೀವು ಕೂತಾಗ ಹಿಂಭಾಗ ಅವರು ಎಣಿಸಿದ್ದಕ್ಕಿಂತ ತುಂಬಾ ಕೆಳಗೆ ಕುಸಿಯುತ್ತದೆ. ಗುಂಡಿ ಬಂದಾಗ ಇಳಿಯಲು ಜಾಗವೇ ಉಳಿದಿರುವುದಿಲ್ಲ, ಶಾಕ್ ತಳ ಮುಟ್ಟಿ ಕುಟ್ಟುತ್ತದೆ. ಅಷ್ಟೇ ಆಗಿದ್ದರೆ ಸೊಂಟ ನೋವಿಗೆ ಮುಗಿಯುತ್ತಿತ್ತು. ಹಿಂಭಾಗ ತಗ್ಗಿದಾಗ ಮುಂಭಾಗ ಎದ್ದು ಫೋರ್ಕ್ ಹೆಚ್ಚು ಓರೆಯಾಗುತ್ತದೆ, ಮುಂದಿನ ಗಾಲಿಯ ಮೇಲಿನ ಭಾರ ಇಳಿಯುತ್ತದೆ. ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದರೂ ಬೈಕು ನೇರ ಹೋಗುತ್ತದೆ, ಇಲ್ಲವೇ ಮುಂದಿನ ಟೈರು ದಿಢೀರ್ ಜಾರುತ್ತದೆ. ಎಂಜಿನ್ ಕೆಳಗಿನ ಬ್ಯಾಷ್ ಪ್ಲೇಟು ಕಲ್ಲಿಗೆ ತಗಲುತ್ತದೆ. ಸವಾರ ಇದನ್ನೆಲ್ಲ ತನ್ನ ತಪ್ಪೆಂದುಕೊಳ್ಳುತ್ತಾನೆ. ಶೋರೂಮಿನಲ್ಲಿ ಇದು ಉಲ್ಟಾ ಮೋಸ ಮಾಡುತ್ತದೆ. ನೀವು ಕೂತ ಕೂಡಲೇ ಸೀಟು ತಗ್ಗಿ ಎರಡೂ ಕಾಲು ಚೆನ್ನಾಗಿ ಎಟುಕುತ್ತವೆ, ಬೈಕು ನಿಮ್ಮ ಅಳತೆಗೇ ಮಾಡಿದ್ದು ಅನ್ನಿಸುತ್ತದೆ.

ಅಳೆದು ನೋಡಿ. ಗೆಳೆಯರ ಆ ಎಕ್ಸ್‌ಪಲ್ಸನ್ನೇ ತನ್ನಿ, ಒಂದು ಟೇಪು, ಒಂದು ಮಾರ್ಕರ್ ಪೆನ್ನು, ಇಬ್ಬರು ಸಹಾಯಕರು ಇದ್ದರೆ ಸಾಕು. ಹಿಂದಿನ ಆಕ್ಸಲ್ಲಿನ ನೇರ ಮೇಲೆ ಮಡ್‌ಗಾರ್ಡಿನ ಮೇಲೆ ಒಂದು ಗುರುತು ಹಾಕಿ. ಹಿಂದಿನ ಗಾಲಿ ನೆಲ ಬಿಡುವಂತೆ ಎತ್ತಿಸಿ, ಆಕ್ಸಲ್ಲಿನಿಂದ ಗುರುತಿನವರೆಗೆ ಅಳೆಯಿರಿ. ಅದು 620 ಮಿಮೀ ಬಂತು ಅನ್ನಿ. ಆಮೇಲೆ ಬೈಕನ್ನು ಅದರ ಗಾಲಿಗಳ ಮೇಲೆ ನಿಲ್ಲಿಸಿ, ಯಾರೂ ಕೂರದೆ ಅಳೆಯಿರಿ. ಕೊನೆಗೆ ಬೂಟು, ಹೆಲ್ಮೆಟ್ ಎಲ್ಲ ಹಾಕಿಕೊಂಡು ನೀವು ಎರಡೂ ಕಾಲು ಫುಟ್‌ಪೆಗ್ ಮೇಲಿಟ್ಟು ಕೂರಿ. ಒಬ್ಬರು ಹ್ಯಾಂಡಲ್ ಹಿಡಿದಿರಲಿ, ಇನ್ನೊಬ್ಬರು ಅಳೆಯಲಿ. ಈಗ 530 ಬಂದರೆ ನೀವು ಕೂತಿದ್ದಕ್ಕೇ 90 ಮಿಮೀ ಕುಸಿದಿದೆ. ಸ್ಟ್ಯಾಂಡರ್ಡ್ ಎಕ್ಸ್‌ಪಲ್ಸ್ 200ರ ಹಿಂದಿನ ಗಾಲಿಗೆ ಮೇಲೆ ಕೆಳಗೆ ಆಡಲು ಇರುವ ಒಟ್ಟು ಚಲನೆಯೇ 170 ಮಿಮೀ. ಮೂರನೇ ಒಂದು ಭಾಗ, ಅಂದರೆ 55-60 ಮಿಮೀ ಕುಸಿದರೆ ಸರಿ. ಅರ್ಧಕ್ಕಿಂತ ಹೆಚ್ಚು ನಿಂತಲ್ಲೇ ಖರ್ಚಾದರೆ ಗುಂಡಿಗೆ ಏನುಳಿಯಿತು?

ಇಲ್ಲಿ ಮೆಕ್ಯಾನಿಕ್ಕು "ಶಾಕ್ ಟೈಟ್ ಮಾಡಿಬಿಡ್ತೀನಿ ಸಾರ್" ಅನ್ನುತ್ತಾನೆ. ಅವನು ಮಾಡುವುದು ಪ್ರೀಲೋಡ್ ಹೆಚ್ಚಿಸುವುದು, ಅಂದರೆ ಸ್ಪ್ರಿಂಗನ್ನು ಮೊದಲೇ ಇನ್ನಷ್ಟು ಅದುಮಿಡುವುದು. ಅದರಿಂದ ಬೈಕಿನ ಹಿಂಭಾಗ ಮೇಲೇಳುತ್ತದೆ, ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಗಟ್ಟಿತನ ಇರುವುದು ತಂತಿಯ ದಪ್ಪ ಮತ್ತು ಸುತ್ತುಗಳ ಲೆಕ್ಕದಲ್ಲಿ. ಪ್ರೀಲೋಡ್ ತಿರುಗಿಸಿ 60 ಮಿಮೀಗೆ ತಂದಿರಿ ಅನ್ನೋಣ. ಈಗ ಯಾರೂ ಕೂರದೆ ಇನ್ನೊಮ್ಮೆ ಅಳೆಯಿರಿ. ಬೈಕು ತನ್ನ ಸ್ವಂತ ಭಾರಕ್ಕೆ 15-20 ಮಿಮೀ ಕುಸಿಯಬೇಕು. ಐದೋ, ಸೊನ್ನೆಯೋ ಬಂದರೆ ಸ್ಪ್ರಿಂಗ್ ನಿಮಗೆ ಮೆತ್ತಗಾಯಿತು ಅಂತಲೇ ಅರ್ಥ. ಹೆಚ್ಚು ಗಟ್ಟಿಯದು ಹಾಕಿಸಬೇಕು, ಮುಂದಿನ ಫೋರ್ಕಿಗೂ ಸೇರಿಸಿ. ಹಿಂದೆ ಮಾತ್ರ ಬದಲಿಸಿದರೆ ಬ್ರೇಕ್ ಹಿಡಿದಾಗ ಬೈಕು ಮೂಗಿನ ಮೇಲೆ ಬೀಳುತ್ತದೆ. ಫೋರ್ಕಿಗೆ ದಪ್ಪ ಆಯಿಲ್ ಹಾಕಿದರೆ ಸಾಕು ಅನ್ನುವವರಿದ್ದಾರೆ. ಆಯಿಲ್ ಚಲನೆಯ ವೇಗ ತಡೆಯುತ್ತದೆ, ನಿಮ್ಮ ಭಾರ ಹೊರುವುದಿಲ್ಲ. ಸ್ಪ್ರಿಂಗ್ ಗಟ್ಟಿ ಮಾಡಿದ ಮೇಲೆ ಅದು ವಾಪಸ್ ಒದೆಯುವ ರಭಸವೂ ಹೆಚ್ಚುತ್ತದೆ, ಅದನ್ನು ಹಿಡಿಯಲು ರಿಬೌಂಡ್ ಡ್ಯಾಂಪಿಂಗ್ ಬಿಗಿ ಮಾಡಬೇಕು. ಆ ಅಡ್ಜಸ್ಟರ್ ಇಲ್ಲದ ಶಾಕಿಗೆ ತೀರಾ ಗಟ್ಟಿ ಸ್ಪ್ರಿಂಗ್ ಹಾಕಿದರೆ ಸೀಟು ನಿಮ್ಮನ್ನು ಮೇಲೆ ಎಸೆಯುತ್ತದೆ. ವಾರಂಟಿ ಇರುವ ಬೈಕಾದರೆ ಡೀಲರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಫೋರ್ಕಿನ ಹೊಳೆಯುವ ಪೈಪಿಗೆ ಒಂದು ಕೇಬಲ್ ಟೈ ಬಿಗಿದುಬಿಡಿ. ಒಂದು ಸುತ್ತು ಹಾಕಿ ಬಂದಾಗ ಅದು ಎಲ್ಲಿಯವರೆಗೆ ಸರಿದಿದೆ ನೋಡಿದರೆ ಎಷ್ಟು ಚಲನೆ ಬಳಕೆಯಾಯಿತು ಅಂತ ಗೊತ್ತಾಗುತ್ತದೆ. ಎಂಟಾಣೆ ಖರ್ಚಿನ ಮೀಟರ್ ಅದು.

ಹಾಗಾದರೆ ಯಾವ ಬೈಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಎಕ್ಸ್‌ಪಲ್ಸ್ 210ರಿಂದ ಶುರು ಮಾಡುತ್ತಿದ್ದೆ. ಶಕ್ತಿ ಸಾಕಷ್ಟಿದೆ, ಹಿಂದಿನ ಗಾಲಿಗೆ 205 ಮಿಮೀ ಚಲನೆ ಇದೆ, ಬಜೆಟ್ಟಿನಲ್ಲಿ ಸ್ಪ್ರಿಂಗಿಗೂ ಒಳ್ಳೆ ಬೂಟಿಗೂ ದುಡ್ಡು ಉಳಿಯುತ್ತದೆ. ಅಪಾಯ ಅಂದರೆ, ಕಂಪನಿ ಕೊಟ್ಟ ಸ್ಟಾಕ್ ಸ್ಪ್ರಿಂಗಿನಲ್ಲೇ ಓಡಿಸಿ "ಇದೂ ಕುಟ್ಟುತ್ತೆ" ಅಂತ ಕೈಬಿಡುವುದು.

ಸೆಕೆಂಡ್ ಹ್ಯಾಂಡ್‌ನಲ್ಲಿ ಎಕ್ಸ್‌ಪಲ್ಸ್ 200 4ವಿ ಪ್ರೊ ಸಿಕ್ಕರೆ ಅದೂ ಒಳ್ಳೆಯದೇ. ಮುಂದೆ 250, ಹಿಂದೆ 220 ಮಿಮೀ ಚಲನೆ, ಹೊಂದಿಸಿಕೊಳ್ಳಬಹುದಾದ ಸಸ್ಪೆನ್ಶನ್. ಸೀಟಿನ ಎತ್ತರ 891 ಮಿಮೀ ಅಂತ ಓದಿ ಜನ ಹೆದರುತ್ತಾರೆ. 5 ಅಡಿ 10 ಇಂಚು ಎತ್ತರ, ಈ ತೂಕ ಎರಡೂ ಇರುವ ನಿಮಗೆ ಅದು ತೊಂದರೆಯಾಗದು. ಎಂಜಿನ್ ಮಾತ್ರ ಅದೇ 19 ಪಿಎಸ್, ಸ್ಪ್ರಾಕೆಟ್ ಬದಲಿಸಲೇಬೇಕು.

ಕವಾಸಾಕಿ ಕೆಎಲ್ಎಕ್ಸ್ 230 ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. 139 ಕೆಜಿ, ಉದ್ದ ಚಲನೆಯ ಸಸ್ಪೆನ್ಶನ್, ನಿಜವಾದ ಡರ್ಟ್ ಬೈಕಿನ ಮೈಕಟ್ಟು. ಶಕ್ತಿ 18 ಪಿಎಸ್‌ನಷ್ಟು, ಹಾಗಾಗಿ ನಿಮ್ಮ ಭಾರದ ಲೆಕ್ಕದಲ್ಲಿ ಎಕ್ಸ್‌ಪಲ್ಸ್ 200ಕ್ಕಿಂತ ಕೂದಲೆಳೆಯಷ್ಟು ಮುಂದೆ, ಅಷ್ಟೇ. ಆದರೆ ಬಿದ್ದಾಗ ಎತ್ತಲು ಇವುಗಳಲ್ಲಿ ಇಷ್ಟು ಹಗುರ ಬೇರೊಂದಿಲ್ಲ. ಹಗುರ ಬೈಕು ಭಾರದ ಸವಾರನಿಗೆ ಹೊಂದುವುದಿಲ್ಲ ಅನ್ನುವುದು ಇನ್ನೊಂದು ಮೂಢನಂಬಿಕೆ. ಕೆಸರಿನಲ್ಲಿ ನಿಮ್ಮ ತೂಕವನ್ನು ಹಿಂದಕ್ಕೆ, ಮುಂದಕ್ಕೆ, ಪಕ್ಕಕ್ಕೆ ನೀವೇ ಸರಿಸಬಹುದು, ಬೈಕಿನ ತೂಕವನ್ನು ಸರಿಸಲಾಗದು. ಒದ್ದೆ ಏರಿನಲ್ಲಿ ಹಿಂದಿನ ಗಾಲಿಯ ಮೇಲೆ ಕೂತ ದಪ್ಪ ಸವಾರನಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ, ಸಣಕಲರು ಗಾಲಿ ಸುತ್ತಿಸುತ್ತಾ ನಿಂತಿರುವಾಗ ನೀವು ಹತ್ತಿರುತ್ತೀರಿ.

ಹಿಮಾಲಯನ್ 450 ಒಳ್ಳೆಯ ಬೈಕು, ಆದರೆ ಬೇರೆ ಕೆಲಸಕ್ಕೆ. ಬಿಸಿಲೆ ಘಾಟಿಯ ಒಡೆದ ರಸ್ತೆ, ದೂರದ ಪ್ರಯಾಣ, ಹೆದ್ದಾರಿ ಇದ್ದರೆ ನಿಮ್ಮ ಗಾತ್ರಕ್ಕೆ ಅದು ಆರಾಮ. ಕೊರಕಲಿನಲ್ಲಿ 196 ಕಿಲೋ ಬೈಕು ಮಲಗಿ, ಒಂದು ಕಾಲು ಕೆಳಗೆ ಸಿಕ್ಕಿಕೊಂಡರೆ ಮೊಣಕಾಲು ನೋವಿನವರಿಗೆ ಅದು ಶಿಕ್ಷೆ. ತೆರಿಗೆಯೂ ಈಗ ಬೇರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇಕಡ 18, ಅದರ ಮೇಲಿನದಕ್ಕೆ ಶೇಕಡ 40. ಬೇಡದ ಸಿಸಿಗೆ ಸರ್ಕಾರಕ್ಕೂ ದುಡ್ಡು ಕಟ್ಟುವುದೇಕೆ? ಕೆಟಿಎಂ 390 ಎಂಡ್ಯೂರೋ ಆರ್ ಶಕ್ತಿ-ತೂಕದ ಲೆಕ್ಕದಲ್ಲಿ ರಸ್ತೆಗಿಳಿಯುವ ಈ ಬೈಕುಗಳಿಗೆಲ್ಲ ಮುಂದಿದೆ. ಅದು ಎರಡನೇ ಬೈಕಾಗಿರಲಿ, ಮೊದಲನೆಯದಾಗಿ ಬೇಡ.

ಟೂ ಸ್ಟ್ರೋಕ್ ಆಸೆ ನಿಮಗೆ ಇದ್ದೇ ಇರುತ್ತದೆ, ಆರ್‌ಎಕ್ಸ್ ಓಡಿಸಿದವರಲ್ಲವೇ. 300 ಸಿಸಿಯ ಟೂ ಸ್ಟ್ರೋಕ್ ಎಂಡ್ಯೂರೋ (ಕಾಡುಮೇಡಿನ ದೂರದ ಸವಾರಿಯ) ಬೈಕುಗಳು ಭಾರದ ಸವಾರರಿಗೆ ಹೇಳಿ ಮಾಡಿಸಿದಂತಿವೆ, ಕೆಳಗಿನಿಂದಲೇ ಎಳೆತ, ಹಗುರ ಮೈ. ಆದರೆ ಅವು ನಮ್ಮಲ್ಲಿ ಇಂಪೋರ್ಟ್ ಮಾಡಿಕೊಂಡು ಸ್ವಂತ ಜಾಗದಲ್ಲಷ್ಟೇ ಓಡಿಸುವಂಥವು, ನಿಮ್ಮ ಬಜೆಟ್ಟಿಗೆ ದೂರ. ಹಳೇ ಆರ್‌ಎಕ್ಸ್ 135ನ್ನೇ ಡರ್ಟ್‌ಗೆ ತಯಾರು ಮಾಡಿಸುವ ಯೋಚನೆ ಬೇಡ. ಎಂಜಿನ್ ಹೇಗೋ ಎಳೆದೀತು, ಆ ಚಾಸಿ ಮತ್ತು ಹಿಂದಿನ ಜೋಡಿ ಶಾಕು ನಿಮ್ಮನ್ನು ಹೊತ್ತು ಗುಂಡಿ ಹಾರಲು ಮಾಡಿದ್ದಲ್ಲ.

ತಗೊಳ್ಳುವ ಮೊದಲು ಇನ್ನೊಂದು ಪರೀಕ್ಷೆ. ಗೆಳೆಯರ ಬೈಕನ್ನು ಅಂಗಳದಲ್ಲಿ ಗೋಣಿಚೀಲ ಹಾಸಿ ಅದರ ಮೇಲೆ ಮಲಗಿಸಿ, ನೀವೊಬ್ಬರೇ ಎತ್ತಿ. ಮತ್ತೆ ಮಲಗಿಸಿ, ಮತ್ತೆ ಎತ್ತಿ, ಮೂರು ಸಲ. ಮೂರನೇ ಸಲ ಎತ್ತಿದ ಮೇಲೂ ಮಾತಾಡುವಷ್ಟು ಉಸಿರು ಉಳಿದಿದ್ದರೆ ಆ ತೂಕದ ಬೈಕು ನಿಮಗೆ ಸರಿ. ಮೊದಲ ವರ್ಷ ಎಲ್ಲರೂ ಬೀಳುತ್ತಾರೆ, ಇದು ಕುಗ್ಗಿಸುವ ಮಾತಲ್ಲ. ಕೋಲಾರದ ಬಳಿ ಸಿ.ಎಸ್. ಸಂತೋಷ್ ಸ್ಥಾಪಿಸಿದ ಬಿಗ್‌ರಾಕ್ ಡರ್ಟ್‌ಪಾರ್ಕಿನಂಥ ಕಡೆ ಒಂದು ತರಬೇತಿ ಮುಗಿಸಿಕೊಂಡು ಬೈಕು ಆರಿಸಿದರೆ ಅರ್ಧ ಗೊಂದಲ ತಾನಾಗಿ ಹೋಗುತ್ತದೆ. ಮರುಭೂಮಿಯ ಡಾಕಾರ್ ರ್ಯಾಲಿ ಮುಗಿಸಿದ ಮೊದಲ ಭಾರತೀಯ ಈ ಸಂತೋಷ್, 2015ರಲ್ಲಿ. ತೋಟದಲ್ಲಿ ಸಾಕಾಗಿ ಅಕ್ಕಪಕ್ಕದ ಕಾಡಿಗೆ ನುಗ್ಗುವ ಆಸೆ ಮಾತ್ರ ಬೇಡ, ಮೀಸಲು ಅರಣ್ಯದೊಳಗೆ ಬೈಕು ಓಡಿಸುವುದು ಅಪರಾಧ.

ಮೊಣಕಾಲಿನ ವಿಷಯದಲ್ಲಿ ಡಾಕ್ಟರ್ ಹೇಳುವುದೇ ಅಂತಿಮ. ನನಗೆ ಗೊತ್ತಿರುವುದು ಇಷ್ಟು. ಹ್ಯಾಂಡಲ್ ತಗ್ಗಿದ್ದರೆ ನಿಂತು ಓಡಿಸುವಾಗ ನೀವು ಬಗ್ಗುತ್ತೀರಿ, ಮೊಣಕಾಲು ಮಡಚಿಯೇ ಇರುತ್ತದೆ. ಒಂದಿಂಚಿನ ಹ್ಯಾಂಡಲ್ ರೈಸರ್, ಅಗಲದ ಫುಟ್‌ಪೆಗ್ ಹಾಕಿಸಿದರೆ ವ್ಯತ್ಯಾಸ ಅಂದೇ ಗೊತ್ತಾಗುತ್ತದೆ. ಟೈರಿಗೆ ಗಾಳಿ ತೀರಾ ಇಳಿಸಬೇಡಿ. ಹಗುರದವರು 18 ಪಿಎಸ್‌ಐನಲ್ಲಿ ಓಡಿಸಿದರೆ ನೀವು 22ರ ಆಸುಪಾಸು ಇಟ್ಟುಕೊಳ್ಳಿ, ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನಡಿ ಸಿಕ್ಕಿ ತೂತಾಗುತ್ತದೆ, ರಿಮ್ಮು ಬಾಗುತ್ತದೆ. ಹಿಂದಿನ ಗಾಲಿಯ ಕಡ್ಡಿಗಳನ್ನು ಮೊದಲ ಕೆಲವು ಸವಾರಿಗಳ ನಂತರ ಒಂದೊಂದಾಗಿ ತಟ್ಟಿ ನೋಡಿ, ಸಡಿಲಾದದ್ದು ಶಬ್ದದಲ್ಲೇ ತಿಳಿಯುತ್ತದೆ.

ತಮ್ಮನ ಜೊತೆ ಹಂಚಿಕೊಳ್ಳುವ ಯೋಚನೆಗೆ ನನ್ನ ಒಪ್ಪಿಗೆ ಇಲ್ಲ. ನಿಮಗೆ ಹೊಂದಿಸಿದ ಸ್ಪ್ರಿಂಗಿನ ಮೇಲೆ 62 ಕಿಲೋ ಹುಡುಗ ಕೂತರೆ ಹಿಂಭಾಗ ಇಳಿಯುವುದೇ ಇಲ್ಲ, ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ. 50 ಕಿಲೋ ಅಂತರವನ್ನು ಪ್ರೀಲೋಡ್ ತುಂಬಲಾರದು. ಅವನಿಗೆ ಯಾವುದಾದರೂ ಹಳೇ ಎಕ್ಸ್‌ಪಲ್ಸ್ ಕೊಡಿಸಿ, ಸ್ಟಾಕ್ ಸ್ಪ್ರಿಂಗು ಅವನಿಗೆ ಸರಿಹೋಗುತ್ತದೆ.

ತೂಕ ಇಳಿಸುವವರೆಗೆ ಕಾಯಬೇಕಿಲ್ಲ. 10 ಕಿಲೋ ಇಳಿಸಿದರೆ ಒಟ್ಟು ಭಾರದಲ್ಲಿ ಶೇಕಡ 4ರಷ್ಟೂ ಕಡಿಮೆಯಾಗದು, ಎಂಜಿನ್ ಆಯ್ಕೆ ಬದಲಾಗುವುದಿಲ್ಲ. ಬದಲಾಗುವುದು ಸ್ಪ್ರಿಂಗ್. ಹಾಗಾಗಿ ಕಳಚಿದ ಕಂಪನಿ ಸ್ಪ್ರಿಂಗುಗಳನ್ನು ಗುಜರಿಗೆ ಹಾಕಬೇಡಿ, ಗ್ರೀಸು ಸವರಿ ಕಾಗದದಲ್ಲಿ ಸುತ್ತಿ ಎತ್ತಿಡಿ. ತೂಕ ನೂರರ ಕೆಳಗೆ ಬಂದ ದಿನ ಟೇಪು ಹಿಡಿದು ಇನ್ನೊಮ್ಮೆ ಅಳೆಯಿರಿ.